ವ್ಯಾನಿನೊಳಗಿನ ನೀರಿನ ಟ್ಯಾಂಕು ಮತ್ತು ಮಾಲೀಕರ ಹೊಣೆ

ಲೆಕ್ಕಪರಿಶೋಧಕನಿಗೆ ವಾಹನದ ಉಸಾಬರಿ ಏಕೆ ಎಂದು ಸದಸ್ಯಮಿತ್ರರು ಕೇಳಬಹುದು. ಈ ವಿಷಯ ನನಗೆ ಪರಿಚಯವಾದದ್ದೂ ನಗದು ಪುಸ್ತಕದ ಮೂಲಕವೇ. ನನ್ನ ಕಕ್ಷಿದಾರರೊಬ್ಬರು ಕಟ್ಟಡಗಳ ಸಂಪು ಮತ್ತು ಮೇಲ್ತೊಟ್ಟಿಗಳನ್ನು ತೊಳೆದುಕೊಡುವ ಸಣ್ಣ ಉದ್ಯಮ ನಡೆಸುತ್ತಾರೆ. ಅವರ ಪುಸ್ತಕದಲ್ಲಿ ಎರಡು-ಮೂರು ತಿಂಗಳಿಗೊಮ್ಮೆ ‘ನೈಲಾನ್ ಹಗ್ಗ’ ಎಂಬ ಬಾಬ್ತು ಕಾಣಿಸಿಕೊಳ್ಳುತ್ತಿತ್ತು. ಒಮ್ಮೆ 180 ರೂಪಾಯಿ, ಇನ್ನೊಮ್ಮೆ 220. ಓಚರು ಸರಿಯಾಗಿದ್ದುದರಿಂದ ನಾನು ಗುರುತು ಹಾಕಿ ಮುಂದೆ ಸಾಗುತ್ತಿದ್ದೆ. ಹಗ್ಗ ಇಷ್ಟು ಬೇಗ ಏಕೆ ಸವೆಯುತ್ತದೆ ಎಂದು ಕೇಳಬೇಕೆಂದು ತೋಚಲಿಲ್ಲ.

ಒಂದು ಬೆಳಿಗ್ಗೆ ಅಡ್ಡಬಂದ ದ್ವಿಚಕ್ರ ವಾಹನವನ್ನು ತಪ್ಪಿಸಲು ಚಾಲಕ ಜೋರಾಗಿ ಬ್ರೇಕ್ ಒತ್ತಿದಾಗ ಉತ್ತರ ದೊರೆಯಿತು. ಅರ್ಧ ತುಂಬಿದ್ದ 500 ಲೀಟರಿನ ಟ್ಯಾಂಕು ಹಗ್ಗವನ್ನು ಹರಿದುಕೊಂಡು ಮುಂದಕ್ಕೆ ಜಾರಿ ಆಸನದ ಬೆನ್ನಿಗೆ ಅಪ್ಪಳಿಸಿತು. ಚಾಲಕನ ಪಕ್ಕದಲ್ಲಿ ಕುಳಿತಿದ್ದ ಕೆಲಸಗಾರನ ಭುಜದ ಮೂಳೆ ಮುರಿಯಿತು. ವ್ಯಾನು ಯಾವುದಕ್ಕೂ ಡಿಕ್ಕಿ ಹೊಡೆದಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಕಾರು ತೊಳೆಯುವವರು, ಸೌರ ಫಲಕ ಶುಚಿಗೊಳಿಸುವವರು, ಗೆದ್ದಲು ನಿವಾರಣೆಯವರು, ಕಾಂಕ್ರೀಟಿಗೆ ನೀರುಣಿಸುವ ಗುತ್ತಿಗೆದಾರರು ಹೀಗೆ ಅನೇಕರು ಇಂದು ನೀರನ್ನು ಜೊತೆಯಲ್ಲೇ ಒಯ್ಯುತ್ತಾರೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು, ಕಟ್ಟಡ ಕಾಮಗಾರಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂ. ದಂಡ ಗೊತ್ತುಪಡಿಸಿದಾಗ, ಗಿರಾಕಿಯ ಮನೆಯ ನಲ್ಲಿಯನ್ನು ನೆಚ್ಚಿಕೊಂಡಿದ್ದ ಇಂಥ ವೃತ್ತಿಗಳಿಗೆ ಸ್ವಂತ ಟ್ಯಾಂಕಿನ ಅಗತ್ಯ ಇನ್ನಷ್ಟು ಮನವರಿಕೆಯಾಯಿತು. ಆದರೆ ನಾವು ಕೊಳ್ಳುವುದು ಮಾಳಿಗೆಯ ಮೇಲೆ ಕದಲದೆ ನಿಲ್ಲಲೆಂದು ತಯಾರಾದ ದುಂಡನೆಯ ಪ್ಲಾಸ್ಟಿಕ್ ಟ್ಯಾಂಕನ್ನು. ಅದಕ್ಕೆ ಬಿಗಿಯಲು ಕಿವಿಯಿಲ್ಲ, ಒಳಗೆ ಅಡ್ಡಗೋಡೆಯಿಲ್ಲ, ತಳವಂತೂ ನುಣುಪು.

ನೀರಿನ ವಿಷಯದಲ್ಲಿ ಲೆಕ್ಕ ಬಲು ಸುಲಭ: ಒಂದು ಲೀಟರ್ ಎಂದರೆ ಒಂದು ಕಿಲೋ. ಸುಮಾರು 750 ಕಿಲೋ ಹೊರುವ ಸಣ್ಣ ಸರಕು ವಾಹನದಲ್ಲಿ 1,000 ಲೀಟರಿನ ಟ್ಯಾಂಕು ತುಂಬಿಸಿದವರು, ಪಂಪು, ಪೈಪು, ಆಳುಗಳನ್ನು ಎಣಿಸುವ ಮೊದಲೇ 250 ಕಿಲೋ ಮಿತಿ ಮೀರಿರುತ್ತಾರೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಧಿಕ ಭಾರಕ್ಕೆ ದಂಡ 20,000 ರೂ., ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ಕಾನೂನು ಉಲ್ಲಂಘನೆಗೆ ತೆತ್ತ ಇಂಥ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರದ ಖರ್ಚೆಂದು ಕಳೆಯಲು ಬರುವುದಿಲ್ಲ. ಇದನ್ನು ಪ್ರತಿ ವರ್ಷವೂ ಯಾರಿಗಾದರೂ ವಿವರಿಸುವುದು ನನ್ನ ಪಾಲಿನ ಕರ್ಮ.

ತೂಕ ಮಿತಿಯೊಳಗೇ ಇದ್ದರೂ ಬಿಗಿತದ ಪ್ರಶ್ನೆ ಉಳಿಯುತ್ತದೆ. ಸರಕನ್ನು ಬಿಗಿಯುವ ಬಗೆಗಿನ ಯುರೋಪಿನ ಇಎನ್ 12195 ಮಾನಕವು ರಸ್ತೆ ಸಾಗಣೆಯಲ್ಲಿ ಮುಂದಿಕ್ಕಿಗೆ ಸರಕಿನ ತೂಕದ ಶೇ. 80ರಷ್ಟು, ಪಕ್ಕಗಳಿಗೂ ಹಿಂದಕ್ಕೂ ಶೇ. 50ರಷ್ಟು ಬಲವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಅಂದರೆ ತುಂಬಿದ 500 ಲೀಟರಿನ ಟ್ಯಾಂಕು ಬ್ರೇಕ್ ಹಾಕಿದಾಗ 400 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ನೂಕಬಲ್ಲದು. ಇದು ಬರಿಯ ಬ್ರೇಕಿನ ಮಾತು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೆ ವಾಹನ ನಿಂತರೂ ಬಿಗಿಯದ ಟ್ಯಾಂಕು ಸೆಕೆಂಡಿಗೆ 11 ಮೀಟರಿನಂತೆ ಮುನ್ನುಗ್ಗುತ್ತದೆ. ಅರ್ಧ ತುಂಬಿದ ಟ್ಯಾಂಕಿನ ಉಪದ್ರವವೇ ಬೇರೆ: ಒಳಗಿನ ನೀರು ತಿರುವಿನಲ್ಲಿ ಒಂದು ಬದಿಗೆ ಹೊರಳಿ, ಚಾಲಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಮರಳಿ ಬಂದು ಬಡಿಯುತ್ತದೆ.

ಗ್ಯಾರೇಜಿನವರೊಡನೆ ನಾಲ್ಕು ಬಾರಿ ಕುಳಿತು ತಿಳಿದುಕೊಂಡದ್ದಿಷ್ಟು. ಚಪ್ಪಟೆಯಾದ, ತಗ್ಗಾದ, ಒಳಗೆ ಅಡ್ಡಹಲಗೆಗಳಿರುವ ಟ್ಯಾಂಕು ಉತ್ತಮ. ಅದು ದೊರೆಯದಿದ್ದರೆ ಒಂದು ದೊಡ್ಡದರ ಬದಲು ಎರಡು ಚಿಕ್ಕವು. ಒಂದನ್ನು ಪೂರ್ತಿ ಬರಿದುಮಾಡಿ ಇನ್ನೊಂದಕ್ಕೆ ಕೈಹಾಕಬೇಕು. ಟ್ಯಾಂಕು ಹಿಂದಿನ ಬಾಗಿಲ ಬಳಿ ಇರಬಾರದು; ಚಾಲಕನ ಹಿಂಬದಿಯ ಗಟ್ಟಿ ತಡೆಗೆ ಸಂದಿಲ್ಲದಂತೆ ಒತ್ತಿಕೊಂಡಿರಬೇಕು. ಅಂಥ ತಡೆ ಇಲ್ಲದ ವ್ಯಾನಿಗೆ ಮೊದಲು ಅದನ್ನೇ ಕೂರಿಸಬೇಕು. ಸುತ್ತಲೂ ಕಬ್ಬಿಣದ ಆಂಗಲ್ ಚೌಕಟ್ಟು. ಅದರ ಬೋಲ್ಟು ನೆಲದ ತಗಡನ್ನೋ ಪ್ಲೈವುಡ್ಡನ್ನೋ ಮಾತ್ರ ಕಚ್ಚಿಕೊಂಡರೆ ಪ್ರಯೋಜನವಿಲ್ಲ, ಕೆಳಗಿನ ಅಡ್ಡಪಟ್ಟಿಯವರೆಗೆ ಇಳಿದು ದಪ್ಪ ತಗಡಿನ ಆಸರೆ ಪಡೆಯಬೇಕು. ಮೇಲಿನಿಂದ ಲಾರಿಯವರು ಬಳಸುವ ರ‍್ಯಾಚೆಟ್ ಬೆಲ್ಟು, ತಳದಲ್ಲಿ ರಬ್ಬರ್ ಹಾಸು. ಪಂಪನ್ನೂ ಬಿಡಿಯಾಗಿಡದೆ ಬಿಗಿಯಬೇಕು. ಹೊಸದಾಗಿ ಬಿಗಿದ ಬೆಲ್ಟು ಮೊದಲ ಕೆಲವು ಕಿಲೋಮೀಟರುಗಳಲ್ಲೇ ಸಡಿಲಗೊಳ್ಳುತ್ತದೆಯಾದ್ದರಿಂದ ಮರುಬಿಗಿತ ಅವಶ್ಯ.

ವಿಮೆ ಇದೆಯಲ್ಲ ಎಂಬುದು ನಾನು ಕೇಳುವ ಸಾಮಾನ್ಯ ಸಮಾಧಾನ. ನಮ್ಮ ಪ್ರಕರಣದಲ್ಲಿ ಸರ್ವೇಯರು ಬ್ರೇಕಿನ ಬಗ್ಗೆ ಏನನ್ನೂ ಕೇಳಲಿಲ್ಲ. ಟ್ಯಾಂಕನ್ನು ಯಾವುದಕ್ಕೆ ಕಟ್ಟಿದ್ದಿರಿ ಎಂದು ಕೇಳಿದರು. ಅಧಿಕ ಭಾರವಿದ್ದ ವಾಹನದ ಹಾನಿಗೆ ಒಪ್ಪತಕ್ಕ ಮೊತ್ತದ ಶೇ. 75ನ್ನು ಮೀರದಂತೆ ಪಾವತಿಸಬಹುದೆಂಬ ವಿಮಾ ಮಾರ್ಗಸೂಚಿಯನ್ನು ಸರ್ವೋಚ್ಚ ನ್ಯಾಯಾಲಯವು 2010ರ ತೀರ್ಪೊಂದರಲ್ಲಿ ಉಲ್ಲೇಖಿಸಿದೆ. ಉಳಿದ ಕಾಲುಭಾಗ ಮಾಲೀಕರ ಜೇಬಿನದು. ಕೆಲಸದ ವೇಳೆ ಗಾಯಗೊಂಡ ನೌಕರನಿಗೆ ಪರಿಹಾರ ಕೊಡುವ ಹೊಣೆಯಂತೂ 1923ರ ಕಾಯಿದೆಯ ಕಾಲದಿಂದಲೂ ಮಾಲೀಕರ ಮೇಲಿದೆ. ಪಾಲಿಸಿಯಲ್ಲಿ ಎಷ್ಟು ಮಂದಿ ಕೆಲಸಗಾರರಿಗೆ ರಕ್ಷೆಯಿದೆ ಎಂಬ ಸಾಲನ್ನು ಓದಿದವರು ನನ್ನ ಕಕ್ಷಿದಾರರಲ್ಲಿ ವಿರಳ.

ಇಷ್ಟಾದರೂ ಮಾಲೀಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಕಾಯಿದೆಯ 52ನೇ ಕಲಮು ಹೇಳುತ್ತದೆ. ತಪ್ಪಿದರೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಬೋಲ್ಟು ಹಾಕಿ ಕೂರಿಸಿದ ಚೌಕಟ್ಟು ಮಾರ್ಪಾಡೋ, ಬಿಚ್ಚಬಹುದಾದ ಸರಂಜಾಮೋ ಎಂಬ ಗೊಂದಲದಲ್ಲಿ ಸಣ್ಣ ಉದ್ಯಮಿ ಬೋಲ್ಟಿಗೆ ಹೆದರಿ ಹಗ್ಗಕ್ಕೆ ಶರಣಾಗುತ್ತಾನೆ. ಸುರಕ್ಷತೆಗೆಂದು ಇರುವ ನಿಯಮವೇ ಅಪಾಯದ ದಾರಿಗೆ ತಳ್ಳುವಂತಾಗಿದೆ.

ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಚೌಕಟ್ಟಿನ ವೆಚ್ಚವನ್ನು ಆಸ್ತಿಯೆಂದು ದಾಖಲಿಸಿ ಸವಕಳಿ ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿಲ್ಲದೆ ತೆರಿಗೆಗೊಳಪಟ್ಟ ಸೇವೆ ನೀಡುವವರಿಗೆ ಸರಕು ವಾಹನದ ಮೇಲಿನ ಇಂಥ ವೆಚ್ಚದ ಜಿಎಸ್‌ಟಿ ಹೂಡುವಳಿ ಜಮೆಯೂ ದೊರೆಯುತ್ತದೆ. ಬಿಲ್ಲು ಮಾತ್ರ ಪಕ್ಕಾ ಇರಲಿ.

ನಮ್ಮ ಸಂಸ್ಥೆಯಿಂದ ಆಗಬೇಕಾದ ಕೆಲಸ ಒಂದಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಎರಡು-ಮೂರು ಮಾದರಿಯ ವ್ಯಾನುಗಳಿಗೆ ಬಾಡಿ ಕಟ್ಟುವವರಿಂದ ಚೌಕಟ್ಟಿನ ನಕ್ಷೆ ಬರೆಸಿ, ಅದು ಮಾರ್ಪಾಡಾಗುವುದೋ ಇಲ್ಲವೋ ಎಂದು ಸಾರಿಗೆ ಇಲಾಖೆಯಿಂದ ಲಿಖಿತ ಉತ್ತರ ಪಡೆಯಬೇಕು. ಬಾಯಿಮಾತಿನ ಆಶ್ವಾಸನೆ ತಪಾಸಣೆಯ ದಿನ ಕೆಲಸಕ್ಕೆ ಬಾರದು. ನನ್ನ ಕಕ್ಷಿದಾರರು ಈಗ 200 ಲೀಟರಿನ ಎರಡು ಟ್ಯಾಂಕುಗಳಿಗೆ ಇಳಿದಿದ್ದಾರೆ. ದಿನಕ್ಕೆ ಒಂದು ಸುತ್ತು ಹೆಚ್ಚು ಓಡಬೇಕಾಗಿದೆ ಎಂದು ಗೊಣಗುವುದೂ ಉಂಟು. ನಕ್ಷೆಯ ಅಳತೆಗಾಗಿ ಬೇಕಾದರೆ ತಮ್ಮ ವ್ಯಾನನ್ನು ಯಾವ ಭಾನುವಾರವಾದರೂ ಸಂಸ್ಥೆಯ ಅಂಗಳಕ್ಕೆ ತಂದು ನಿಲ್ಲಿಸಲು ಅವರು ಒಪ್ಪಿದ್ದಾರೆ.