ನೋವಿಲ್ಲವೆಂದರೆ ಕೊಲ್ಲಬಹುದೇ?

ಒಂದು ಜೀವವನ್ನು ಉಳಿಸಬೇಕೋ ಅಳಿಸಬೇಕೋ ಎಂಬುದನ್ನು, ಅದಕ್ಕೆ ನೋವಾಗುತ್ತದೆಯೋ ಇಲ್ಲವೋ ಎಂಬುದರಿಂದ ತೀರ್ಮಾನಿಸಬಹುದೇ? ಅಮೆರಿಕದ ರಾಜಕಾರಣವು ಒಂದೂವರೆ ದಶಕದಿಂದ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತಿದೆ. ಗರ್ಭಧಾರಣೆಯಾಗಿ 20 ವಾರಗಳಾದ ಬಳಿಕ ಭ್ರೂಣವು ನೋವನ್ನು ಅನುಭವಿಸಬಲ್ಲದು ಎಂಬ ಕಾರಣವನ್ನು ಮುಂದಿಟ್ಟು, 2010ರಲ್ಲಿ ನೆಬ್ರಾಸ್ಕ ರಾಜ್ಯವು ಆ ಹಂತದ ನಂತರದ ಗರ್ಭಪಾತವನ್ನು ನಿಷೇಧಿಸಿತು. ಹಲವು ರಾಜ್ಯಗಳು ಅದನ್ನು ಅನುಸರಿಸಿದವು. ಇದೇ ಮಾದರಿಯ ಮಸೂದೆಯು 2013, 2015 ಮತ್ತು 2017ರಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಅಂಗೀಕಾರಗೊಂಡಿತು. 2018ರ ಜನವರಿಯಲ್ಲಿ ಸೆನೆಟ್‌ನಲ್ಲಿ 51 ಮತಗಳು ಅದರ ಪರವಾಗಿ ಬಂದರೂ, ಚರ್ಚೆಯನ್ನು ಮುಗಿಸಿ ಮುಂದುವರಿಯಲು ಬೇಕಾದ 60 ಮತಗಳು ದೊರೆಯದೆ ಅದು ಬಿದ್ದುಹೋಯಿತು.

ಇದು ದೂರದ ನಾಡಿನ ಜಗಳ, ನಮಗೇಕೆ ಎಂದು ಓದುಗರು ಕೇಳಬಹುದು. ಆದರೆ ಅಲ್ಲಿ ಶಾಸನದ ಭಾಷೆಯಲ್ಲಿ ಕೇಳಿಬರುವ ವಾದವೇ ನಮ್ಮ ಮನೆಗಳ ಒಳಕೋಣೆಯಲ್ಲಿ ಬೇರೆ ಮಾತುಗಳಲ್ಲಿ ಕೇಳಿಬರುತ್ತದೆ: “ಇನ್ನೂ ಬರೀ ರಕ್ತದ ಮುದ್ದೆ, ಅದಕ್ಕೇನು ಗೊತ್ತಾಗುತ್ತದೆ?” ಆದುದರಿಂದ ಈ ವಾದವನ್ನು ಬುಡಸಮೇತ ಪರಿಶೀಲಿಸುವುದು ನಮ್ಮ ಹೊಣೆಯಾಗಿದೆ.

ಮೊದಲಿಗೆ ವಿಜ್ಞಾನದ ಮಾತು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2005ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯು, ಗರ್ಭದ ಕೊನೆಯ ಮೂರು ತಿಂಗಳ ಅವಧಿಗೆ ಮುನ್ನ ಭ್ರೂಣಕ್ಕೆ ನೋವಿನ ಅರಿವು ಇರುವ ಸಾಧ್ಯತೆ ಕಡಿಮೆ ಎಂದಿತು. 2010ರಲ್ಲಿ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 24 ವಾರಗಳಿಗೆ ಮುನ್ನ ಅದು ಸಾಧ್ಯವಿಲ್ಲವೆಂದಿತು. 2020ರಲ್ಲಿ ಇಬ್ಬರು ಸಂಶೋಧಕರು ಜೊತೆಯಾಗಿ ಬರೆದು, ಅದಕ್ಕೂ ಮೊದಲೇ ನೋವಿನ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದರು. ಗರ್ಭಪಾತದ ವಿಷಯದಲ್ಲಿ ಆ ಇಬ್ಬರ ನಿಲುವುಗಳೇ ಪರಸ್ಪರ ಭಿನ್ನವಾಗಿದ್ದವು. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. 1980ರ ದಶಕದವರೆಗೂ ಎಷ್ಟೋ ಕಡೆ ನವಜಾತ ಶಿಶುಗಳಿಗೆ ಸಾಕಷ್ಟು ಅರಿವಳಿಕೆ ನೀಡದೆಯೇ ಶಸ್ತ್ರಚಿಕಿತ್ಸೆ ನಡೆಸಲಾಗುತ್ತಿತ್ತು. ಎಳೆಗೂಸಿಗೆ ನೋವು ತಿಳಿಯದು ಎಂಬುದು ಆಗಿನ ನಂಬಿಕೆಯಾಗಿತ್ತು. ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮೊದಲಾದವರ ಅಧ್ಯಯನಗಳು ಆ ನಂಬಿಕೆಯನ್ನು ಮುರಿದವು. ನಿನ್ನೆ ತಿಳಿಯದಿದ್ದುದು ಇಂದು ತಿಳಿಯಿತು. ಇಂದು ತಿಳಿಯದಿರುವುದು ನಾಳೆ ತಿಳಿಯಬಹುದು. ಮನುಷ್ಯನ ಅರಿವು ಬದಲಾದಂತೆಲ್ಲ ಒಂದು ಜೀವದ ಹಕ್ಕು ಏರುತ್ತ ಇಳಿಯುತ್ತ ಇರಬೇಕೇ?

ರಾಜಕಾರಣವಂತೂ ವಿಜ್ಞಾನಕ್ಕಾಗಿ ಕಾಯುವುದೂ ಇಲ್ಲ. ಗರ್ಭಪಾತಕ್ಕೆ ಸಂವಿಧಾನದ ರಕ್ಷಣೆ ಇಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ತೀರ್ಪಿತ್ತಿತು. ಆ ಪ್ರಕರಣ 15 ವಾರಗಳ ನಂತರದ ಗರ್ಭಪಾತವನ್ನು ನಿಷೇಧಿಸಿದ್ದ ಮಿಸಿಸಿಪ್ಪಿ ರಾಜ್ಯದ ಕಾನೂನಿಗೆ ಸಂಬಂಧಿಸಿದ್ದಾಗಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಸೆನೆಟರ್ ಲಿಂಡ್ಸೆ ಗ್ರಹಾಂ ಹೊಸ ಮಸೂದೆಯನ್ನು ತಂದರು. ಅದರ ಹೆಸರಿನಲ್ಲಿ ‘ನೋವು’ ಹಾಗೆಯೇ ಉಳಿದಿತ್ತು. ಆದರೆ ಮೊದಲು 20 ವಾರಗಳಾಗಿದ್ದ ಗಡಿ ಈಗ 15ಕ್ಕೆ ಇಳಿದಿತ್ತು. ಗಡಿಯನ್ನು ಸರಿಸಿದ್ದು ಭ್ರೂಣದ ನರಮಂಡಲವಲ್ಲ, ನ್ಯಾಯಾಲಯದ ತೀರ್ಪು ತೆರೆದುಕೊಟ್ಟ ಅವಕಾಶ.

ಈ ಅಳತೆಗೋಲಿನ ನಿಜವಾದ ದೌರ್ಬಲ್ಯವನ್ನು ಯೂಟಾ ರಾಜ್ಯವು ತನಗರಿವಿಲ್ಲದೆಯೇ ಬಯಲು ಮಾಡಿತು. 2016ರಲ್ಲಿ ಅದು ಒಂದು ಕಾನೂನನ್ನು ತಂದಿತು: 20 ವಾರಗಳ ನಂತರ ಗರ್ಭಪಾತ ಮಾಡುವುದಾದರೆ ಭ್ರೂಣಕ್ಕೆ ನೋವಾಗದಂತೆ ಅರಿವಳಿಕೆಯನ್ನೋ ನೋವುನಿವಾರಕವನ್ನೋ ನೀಡಬೇಕು. ನೋವೇ ಅಪರಾಧವಾಗಿದ್ದರೆ ಇದಕ್ಕಿಂತ ಉತ್ತಮ ಪರಿಹಾರವಿಲ್ಲ. ಒಂದು ಸೂಜಿ ಚುಚ್ಚಿದರೆ ನೋವೂ ಮುಗಿಯಿತು, ಆಕ್ಷೇಪವೂ ಮುಗಿಯಿತು. ಜೊತೆಗೆ ಮಗುವೂ ಮುಗಿಯಿತು! ನೋವನ್ನು ಜೀವದ ಕಾವಲಿಗೆ ನಿಲ್ಲಿಸಿದವರು, ಆ ಕಾವಲುಗಾರನನ್ನು ಮಲಗಿಸುವ ದಾರಿಯನ್ನೂ ತಾವೇ ತೋರಿಸಿಕೊಟ್ಟರು.

ಎದುರು ಪಾಳಯದವರ ತಪ್ಪೂ ಇದೇ. “ಭ್ರೂಣಕ್ಕೆ ನೋವಿಲ್ಲವೆಂದು ವೈದ್ಯರೇ ಹೇಳಿದ್ದಾರೆ, ಆದ್ದರಿಂದ ಇಲ್ಲಿ ನೈತಿಕ ಪ್ರಶ್ನೆಯೇ ಇಲ್ಲ” ಎನ್ನುವವರೂ ಅದೇ ಮುರುಕು ಅಳತೆಗೋಲನ್ನು ಇನ್ನೊಂದು ತುದಿಯಿಂದ ಹಿಡಿದಿದ್ದಾರೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅರಿವಳಿಕೆಯಲ್ಲಿ ಮಲಗಿದವನಿಗೆ ನೋವಿಲ್ಲ. ಕೋಮಾದಲ್ಲಿರುವ ವೃದ್ಧನಿಗೂ ನೋವಿನ ಅರಿವಿರಲಿಕ್ಕಿಲ್ಲ. ಹುಟ್ಟಿನಿಂದಲೇ ನೋವೇ ತಿಳಿಯದ ಅಪರೂಪದ ಕಾಯಿಲೆಯವರೂ ಇದ್ದಾರೆ. ಅವರ ಜೀವಕ್ಕೆ ಬೆಲೆ ಕಡಿಮೆಯೆಂದು ಹೇಳುವ ಧೈರ್ಯ ಯಾರಿಗಿದೆ?

ಈ ವಾದವು ಹೊಸದೂ ಅಲ್ಲ. ಪ್ರವಾದಿ ಮುಹಮ್ಮದ್(ಸ)ರ ಮುಂದೆಯೇ ಇದು ಒಮ್ಮೆ ಮಂಡನೆಯಾಗಿತ್ತು. ಹುದೈಲ್ ಗೋತ್ರದ ಇಬ್ಬರು ಮಹಿಳೆಯರ ನಡುವೆ ಜಗಳವಾಗಿ, ಒಬ್ಬಳು ಎಸೆದ ಕಲ್ಲು ಗರ್ಭಿಣಿಯಾಗಿದ್ದ ಇನ್ನೊಬ್ಬಳಿಗೆ ತಗುಲಿ ಹೊಟ್ಟೆಯಲ್ಲಿದ್ದ ಮಗು ಸತ್ತಿತು. ಆ ಮಗುವಿಗಾಗಿ ‘ಗುರ್ರ’ ಎಂಬ ಪರಿಹಾರವನ್ನು ನೀಡಬೇಕೆಂದು ಪ್ರವಾದಿ(ಸ) ತೀರ್ಪಿತ್ತರು. ಆಗ ಕಲ್ಲೆಸೆದವಳ ಕಡೆಯ ಒಬ್ಬನು ಪ್ರಾಸಬದ್ಧವಾಗಿ ವಾದಿಸಿದನು: ಉಣ್ಣದ, ಕುಡಿಯದ, ಮಾತಾಡದ, ಅಳಲೂ ಇಲ್ಲದ ಜೀವಕ್ಕೆ ಪರಿಹಾರ ಕೊಡುವುದೆಂತು ಎಂಬುದು ಅವನ ಮಾತಿನ ಸಾರ. ಪ್ರವಾದಿ(ಸ)ರು ಅದನ್ನು ಕಣಿ ಹೇಳುವವರ ಪ್ರಾಸದ ಮಾತೆಂದು ತಳ್ಳಿಹಾಕಿದರು; ತೀರ್ಪು ಬದಲಾಗಲಿಲ್ಲ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ಈ ಘಟನೆ ದಾಖಲಾಗಿದೆ. ಅಳಲಿಲ್ಲವೆಂಬುದು ಅಂದಿನ ವಾದ, ನೋವಾಗಲಿಲ್ಲವೆಂಬುದು ಇಂದಿನ ವಾದ. ಎರಡರ ತಿರುಳೂ ಒಂದೇ: ಪ್ರತಿಭಟಿಸಲಾರದ ಜೀವಕ್ಕೆ ಲೆಕ್ಕ ಕೇಳುವವರಿಲ್ಲ ಎಂಬ ಭಾವನೆ.

ಲೆಕ್ಕ ಕೇಳುವವನಿದ್ದಾನೆ. ಸೂರಃ ಅತ್ತಕ್ವೀರ್‌ನಲ್ಲಿ (81:8-9) ಪುನರುತ್ಥಾನ ದಿನದ ದೃಶ್ಯಗಳ ನಡುವೆ, ಜೀವಂತ ಹೂಳಲ್ಪಟ್ಟ ಹೆಣ್ಣು ಕೂಸನ್ನು ಕೇಳಲಾಗುವ ಪ್ರಶ್ನೆಯೊಂದಿದೆ. ಆ ಪ್ರಶ್ನೆಯು ಅವಳಿಗೆಷ್ಟು ನೋವಾಯಿತು ಎಂಬುದರ ಕುರಿತಲ್ಲ. ಯಾವ ತಪ್ಪಿಗಾಗಿ ಅವಳನ್ನು ಕೊಲ್ಲಲಾಯಿತು ಎಂಬುದೇ ಅಲ್ಲಾಹನ ನ್ಯಾಯಾಲಯದ ಪ್ರಶ್ನೆ. ಇಸ್ಲಾಮಿನಲ್ಲಿ ಜೀವವು ಅಮಾನತ್ ಆಗಿದೆ. ಅದರ ಬೆಲೆಯು ಕೊಟ್ಟವನಿಂದ ಬಂದಿದೆಯೇ ಹೊರತು ಪಡೆದವನ ನರಗಳಿಂದಲ್ಲ.

ಆದುದರಿಂದಲೇ ಶರೀಅತ್ ಗರ್ಭಸ್ಥ ಶಿಶುವಿಗೆ ನೋವಿನ ಪುರಾವೆ ಕೇಳದೆಯೇ ಹಕ್ಕುಗಳನ್ನು ನೀಡಿದೆ. ತಂದೆ ತೀರಿಕೊಂಡರೆ ಆಸ್ತಿ ಪಾಲಾಗುವಾಗ ಹೊಟ್ಟೆಯಲ್ಲಿರುವ ಮಗುವಿನ ಪಾಲನ್ನು ತೆಗೆದಿಡಬೇಕು. ಮಗುವಿನ ಕ್ಷೇಮಕ್ಕಾಗಿ ಗರ್ಭಿಣಿಗೆ ರಮಝಾನ್ ಉಪವಾಸದಿಂದ ವಿನಾಯಿತಿ ಇದೆ. ಹಾಗೆಂದು ನಮ್ಮ ವಿದ್ವಾಂಸರು ಎಲ್ಲ ಹಂತಗಳನ್ನೂ ಒಂದೇ ಎಂದವರಲ್ಲ. ಇಬ್ನು ಮಸ್‌ಊದ್(ರ)ರ ಹದೀಸ್‌ನ ಆಧಾರದಲ್ಲಿ 120 ದಿನಗಳಿಗೆ ರೂಹ್ ಊದಲ್ಪಡುತ್ತದೆ ಎಂಬುದು ಪ್ರಸಿದ್ಧ ಅಭಿಪ್ರಾಯ. ಆ ಬಳಿಕ ಗರ್ಭಪಾತವು ನಿಷಿದ್ಧ ಎಂಬುದರಲ್ಲಿ ನಾಲ್ಕೂ ಮದ್‌ಹಬ್‌ಗಳು ಒಮ್ಮತ ಹೊಂದಿವೆ. ಅದಕ್ಕೆ ಮುನ್ನಿನ ಅವಧಿಯ ಕುರಿತು ಭಿನ್ನಾಭಿಪ್ರಾಯವಿದೆ. ಮಾಲಿಕೀ ಮದ್‌ಹಬ್‌ನ ಪ್ರಬಲ ಅಭಿಪ್ರಾಯ ಆರಂಭದಿಂದಲೇ ತಡೆಯುತ್ತದೆ. ಹನಫೀ ವಿದ್ವಾಂಸರಲ್ಲಿ ಹಲವರು ಸೂಕ್ತ ಕಾರಣವಿದ್ದರೆ ಅನುಮತಿಸಿದ್ದಾರೆ. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ, ಗರ್ಭ ನಿಂತ ಮೇಲೆ ಅದನ್ನು ಕೆಡಿಸುವುದು ಇರುವ ಜೀವದ ಮೇಲಿನ ಅಪರಾಧವೆಂದೂ, ಹಂತ ಬೆಳೆದಂತೆ ಅದರ ಗಾಂಭೀರ್ಯ ಹೆಚ್ಚುವುದೆಂದೂ ವಿವರಿಸಿದ್ದಾರೆ. ಈ ಭಿನ್ನತೆಗಳ ನಡುವೆಯೂ ಗರ್ಭವನ್ನು ಬೆಲೆಯಿಲ್ಲದ ವಸ್ತುವಾಗಿ ಕಂಡು, ಮನಬಂದಂತೆ ತೆಗೆದುಹಾಕುವುದಕ್ಕೆ ಎಲ್ಲಿಯೂ ದಾರಿಯಿಲ್ಲ.

ಆದರೆ ಮಗುವಿನ ನೋವನ್ನು ಹೇಳಿ ತಾಯಿಯ ನೋವನ್ನು ಮರೆಯುವವರ ಜೊತೆಗೂ ನಾವು ನಿಲ್ಲಲಾರೆವು. ಗರ್ಭದ ವಿಷಯದಲ್ಲಿ ಕುರ್‌ಆನ್ ನೇರವಾಗಿ ಎತ್ತಿ ಹೇಳುವ ಕಷ್ಟ ತಾಯಿಯದು. ಸೂರಃ ಲುಕ್ಮಾನ್ (31:14) ಮತ್ತು ಅಲ್ ಅಹ್‌ಕಾಫ್‌ಗಳಲ್ಲಿ (46:15) ಅದನ್ನು ಕಾಣಬಹುದು. ನಮ್ಮ ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ ತೀರಿಕೊಂಡಳು. 17 ವಾರಗಳ ಗರ್ಭ ಉಳಿಯುವುದಿಲ್ಲವೆಂದು ತಿಳಿದಿದ್ದರೂ, ಭ್ರೂಣದ ಎದೆಬಡಿತ ಇನ್ನೂ ಇದೆಯೆಂಬ ಕಾರಣಕ್ಕೆ ಅವಳು ಕೇಳಿದ ಗರ್ಭಪಾತ ದೊರೆಯಲಿಲ್ಲ. ಸೋಂಕು ರಕ್ತಕ್ಕೇರಿ ಅವಳ ಪ್ರಾಣ ಹೋಯಿತು. ಮಗುವೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ. ಇದು ಜೀವಪರ ಕಾನೂನಲ್ಲ. 1990ರಲ್ಲಿ ಮಕ್ಕಾದ ರಾಬಿತಾ ಸಂಘಟನೆಯ ಫಿಕ್ಹ್ ಮಂಡಳಿಯು, 120 ದಿನಗಳ ಬಳಿಕವೂ, ಗರ್ಭ ಮುಂದುವರಿದರೆ ತಾಯಿಯ ಜೀವಕ್ಕೆ ಖಚಿತ ಅಪಾಯವಿದೆಯೆಂದು ವಿಶ್ವಾಸಾರ್ಹ ತಜ್ಞ ವೈದ್ಯರ ಸಮಿತಿ ಹೇಳಿದರೆ ಗರ್ಭಪಾತಕ್ಕೆ ಅನುಮತಿಸಿತು. ಎರಡು ಹಾನಿಗಳಲ್ಲಿ ಕಿರಿದನ್ನು ಆರಿಸಬೇಕೆಂಬ ತತ್ವ ಅದರ ಹಿಂದಿದೆ. ಭ್ರೂಣದ ನೋವಿನ ಬಗ್ಗೆ ಇಷ್ಟು ಮಸೂದೆಗಳನ್ನು ತಂದ ಅಮೆರಿಕದಲ್ಲಿ, ಖಾಸಗಿ ಕೆಲಸದಲ್ಲಿರುವ ತಾಯಿಗೆ ವೇತನಸಹಿತ ಹೆರಿಗೆ ರಜೆ ನೀಡುವ ರಾಷ್ಟ್ರೀಯ ಕಾನೂನು ಇಂದಿಗೂ ಇಲ್ಲ. 1993ರ ಕಾನೂನು ಕೊಡುವುದು 12 ವಾರಗಳ ಸಂಬಳವಿಲ್ಲದ ರಜೆಯನ್ನು, ಅದೂ ಎಲ್ಲರಿಗೂ ಅಲ್ಲ. ಹುಟ್ಟುವ ತನಕ ಕರುಣೆ, ಹುಟ್ಟಿದ ಮೇಲೆ ನಿನ್ನ ಪಾಡು ನಿನ್ನದು ಎಂಬುದು ಎಂತಹ ಕರುಣೆ?

ಇನ್ನು ನಮ್ಮ ಅಂಗಳದ ಕಡೆಗೆ. ಭಾರತದ 1971ರ ಗರ್ಭಪಾತ ಕಾನೂನು 2021ರಲ್ಲಿ ತಿದ್ದುಪಡಿಯಾಗಿ, ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಅವಕಾಶ ನೀಡಿತು. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು ತನ್ನ 26 ವಾರಗಳ ಗರ್ಭವನ್ನು ತೆಗೆಸಲು ಸುಪ್ರೀಂ ಕೋರ್ಟಿನ ಮೊರೆ ಹೋದಳು. ಆಕೆ ಪ್ರಸವಾನಂತರದ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದಳು. ಮೊದಲು ಅನುಮತಿ ದೊರೆಯಿತು, ಬಳಿಕ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಇಬ್ಭಾಗವಾಯಿತು, ಕೊನೆಗೆ ಮೂವರ ಪೀಠ ನಿರಾಕರಿಸಿತು. ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಮಗುವಿನಲ್ಲಿ ದೋಷವಿಲ್ಲ, ಕಾನೂನಿನ ಗಡಿ ದಾಟಿದೆ ಎಂಬುದು ಪೀಠದ ಕಾರಣವಾಗಿತ್ತು. ಅಲ್ಲಿ ತೀರ್ಪು ನಿಂತದ್ದು ನೋವಿನ ಮೇಲಲ್ಲ.

ಆದರೆ ಕಾನೂನು ತಲುಪದ ಜಾಗಗಳಿವೆ. ಅದೇ ವರ್ಷದ ಕೊನೆಗೆ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಬೇಯುವ ಮನೆಯಲ್ಲಿ ಹೆಣ್ಣು ಕೂಸುಗಳ ಹಣೆಬರಹ ಬರೆಯಲಾಗುತ್ತಿತ್ತು! ಹೆಣ್ಣು ಹುಟ್ಟಿದ ಸುದ್ದಿ ಕೇಳಿ ಮುಖ ಕಪ್ಪಿಡುವವನನ್ನು ಕುರ್‌ಆನ್ (16:58-59) ಹದಿನಾಲ್ಕು ಶತಮಾನಗಳ ಹಿಂದೆಯೇ ಚಿತ್ರಿಸಿದೆ. ಆ ಮುಖ ನಮ್ಮ ಮನೆಗಳಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ವರದಕ್ಷಿಣೆಯನ್ನು ಕೇಳುವವರೂ ಕೊಡುವವರೂ ನಾವೇ. ಮೂರನೆಯದೂ ಹೆಣ್ಣೆಂದಾಗ ಸೊಸೆಯನ್ನು ಚುಚ್ಚುವವರೂ ನಾವೇ. ವೈದ್ಯರನ್ನಾಗಲಿ ಉಲಮಾಗಳನ್ನಾಗಲಿ ಕೇಳದೆ ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ಹೆಂಡತಿಯ ಕೈಗಿಡುವ ಗಂಡನೂ ಜುಮಾ ನಮಾಝಿನ ಮೊದಲ ಸಾಲಿನಲ್ಲಿ ಇರಬಹುದು. ಬಡತನದ ಭಯದಿಂದ ಮಕ್ಕಳನ್ನು ಕೊಲ್ಲಬಾರದೆಂದ ಕುರ್‌ಆನ್ (17:31), ಅವರಿಗೂ ನಮಗೂ ಅನ್ನ ಕೊಡುವವನು ಅಲ್ಲಾಹನೆಂದು ಅಲ್ಲಿಯೇ ಭರವಸೆ ನೀಡಿದೆ. ಆ ಭರವಸೆಯು ಬಡ ತಾಯಿಯ ಮನೆಗೆ ತಲುಪುವುದು ನಮ್ಮ ಝಕಾತ್ ಮತ್ತು ಬೈತುಲ್‌ಮಾಲ್‌ಗಳ ಮೂಲಕವೇ ಅಲ್ಲವೇ? ಜಮಾಅತ್ ಸಮಿತಿಗಳು ಮದುವೆಯ ದಾಖಲೆಯನ್ನು ಇಡುವಷ್ಟೇ ಮುತುವರ್ಜಿಯಿಂದ ಗರ್ಭಿಣಿಯರ ಕಷ್ಟವನ್ನೂ ವಿಚಾರಿಸಲಿ.

ಭ್ರೂಣಕ್ಕೆ ಎಷ್ಟನೆಯ ವಾರದಲ್ಲಿ ನೋವಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಹುಡುಕಲಿ. ಅದು ಬೇಕಾದ ಜ್ಞಾನವೇ, ಚಿಕಿತ್ಸೆಗೆ ನೆರವಾಗುವ ಜ್ಞಾನ. ಆದರೆ ನಾಳೆ ನಾವು ಉತ್ತರಿಸಬೇಕಾದ ಪ್ರಶ್ನೆ ಬೇರೆಯೇ ಇದೆ. ನೋವಾಗದಂತೆ ಮಾಡಿದೆವು ಎಂಬ ಉತ್ತರವನ್ನು ಅಲ್ಲಿ ಯಾರೂ ಕೇಳಿಲ್ಲ.

ಅಳಲಾರದ ಜೀವಗಳ ಹಕ್ಕನ್ನೂ, ಅವುಗಳನ್ನು ಹೊತ್ತ ತಾಯಂದಿರ ಹಕ್ಕನ್ನೂ ಅರಿತು ನಡೆಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.