ಸುದ್ದಿ ಗೊತ್ತಿದ್ದರೆ ಪದ ದಕ್ಕುತ್ತದೆ

ಅಂಕಗಳಿದ್ದರೂ ಕ್ಯಾಂಪಸ್ ಸಂದರ್ಶನದಲ್ಲಿ ಇಂಗ್ಲಿಷ್ ಪದ ಸಿಗದೆ ತಡವರಿಸುವುದು ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರ ಪಾಡು. ದಾವಣಗೆರೆ ಸಮೀಪದ ಕುಕ್ಕುವಾಡದವನಾದ ನಾನು ಬಿಇ ವಿದ್ಯಾರ್ಥಿ. ಪದಪಟ್ಟಿ ಉರು ಹೊಡೆಯುವುದಕ್ಕಿಂತ ರಾಜಕೀಯ ಸುದ್ದಿಯ ವಿಡಿಯೊಗಳೇ ನನಗೆ ಹೆಚ್ಚು ಕಲಿಸಿವೆ.

ಕಾರಣ ಸರಳ: ಕಥೆ ನಮಗೆ ಮೊದಲೇ ಗೊತ್ತಿರುತ್ತದೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105 ಮತಗಳಿಂದ ವಿಶ್ವಾಸಮತ ಸೋತದ್ದು ರಾಜ್ಯಕ್ಕೇ ತಿಳಿದ ಸಂಗತಿ. ಅದರ ಇಂಗ್ಲಿಷ್ ವಿಡಿಯೊ ನೋಡಿದಾಗ ‘ಫ್ಲೋರ್ ಟೆಸ್ಟ್’, ‘ಡಿಫೆಕ್ಷನ್’, ‘ವಿಪ್’ ಪದಗಳು ಅರ್ಥಸಮೇತ ತಲೆಗೆ ಹತ್ತಿದವು. ಬೇಟೆನಾಯಿಗಳು ಗುಂಪು ಬಿಟ್ಟು ಚದುರದಂತೆ ಚಾವಟಿ ಹಿಡಿದು ಕಾಯುವವನಿಂದ ‘ವಿಪ್’ ಬಂತೆಂದು ತಿಳಿದ ಮೇಲೆ ಮರೆಯುವುದುಂಟೆ?

ಹಾಗೆಂದು ಕೂಗಾಟದ ಚರ್ಚೆಗಳ ಮುಂದೆ ಕೂರಬೇಡಿ. ಅಲ್ಲಿನ ‘ಸ್ಲ್ಯಾಮ್ಸ್’, ‘ಬ್ಲಾಸ್ಟ್ಸ್’ ಸಂದರ್ಶನಕ್ಕೆ ಒದಗುವುದಿಲ್ಲ. ಸಂಸದ್ ಟಿವಿಯ ಕಲಾಪ, ಬಜೆಟ್ ವಿಶ್ಲೇಷಣೆ ನೋಡಿ. ಒಂದೇ ಪಕ್ಷದ ಚಾನೆಲ್ಲಿಗೆ ಅಂಟಿಕೊಂಡರೆ ಪದದ ಜೊತೆ ಅದರ ಸಿಟ್ಟೂ ನಮ್ಮದಾಗುತ್ತದೆ, ಎಚ್ಚರವಿರಲಿ.

ಮೊದಲು ಕನ್ನಡ ವಾರ್ತೆ, ಬಳಿಕ ಅದೇ ವಿಷಯದ ಇಂಗ್ಲಿಷ್ ವಿಡಿಯೊ. ದಿನಕ್ಕೆ ಐದು ಪದ, ಪ್ರತಿ ಪದಕ್ಕೂ ಸ್ವಂತ ವಾಕ್ಯ. ರಾತ್ರಿ ಗೆಳೆಯನಿಗೆ ಆ ಸುದ್ದಿಯನ್ನು ಇಂಗ್ಲಿಷಿನಲ್ಲೇ ಹೇಳಿ. ಕಿವಿಗೆ ಬಿದ್ದ ಪದ ಬಾಯಿಗೆ ಬಂದಾಗಲೇ ನಮ್ಮದು. ಇದಕ್ಕೆ ಕೋಚಿಂಗ್ ಶುಲ್ಕ ಬೇಕಿಲ್ಲ, ಕೈಯಲ್ಲಿರುವ ಮೊಬೈಲ್ ಸಾಕು.