ಓಡುವ ಅಣುವಿಗೆ ಘಾಟಿಯ ಏರು



ಮೊನ್ನೆ ನಾಸಿಕದ ಮಿತ್ರರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಛತ್ರಪತಿ ಸಂಭಾಜಿನಗರದ ಕಾಲೇಜಿನಲ್ಲಿ ಓದುವ ಅವರ ಮಗ ರಜೆಗೆ ಬಂದಿದ್ದ. "ಕಾಕಾ, ಅಯಸ್ಕಾಂತದಿಂದ ಅಣುಗಳ ಓಟ ತಡೀತಾರಂತ. ಇಂಥಾದ್ದೆಲ್ಲ ಕನ್ನಡದಾಗ ಹೇಳಲಿಕ್ಕೆ ಬರೂದಿಲ್ಲ ಬಿಡ್ರಿ" ಎಂದ. ಮಾತು ಮನಸ್ಸಿಗೆ ನಾಟಿತು. ಹೇಳಿಯೇ ನೋಡೋಣವೆಂದು ತೊಡಗಿದೆವು.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಅಣುಗಳು ಸರಾಸರಿ ಸೆಕೆಂಡಿಗೆ ಸುಮಾರು 450 ಮೀಟರು ಓಡುತ್ತವೆ. ಅಡ್ಡಿಯಿಲ್ಲದಿದ್ದರೆ ನಾಸಿಕದಿಂದ ಸಂಭಾಜಿನಗರ ಅವಕ್ಕೆ ಸುಮಾರು 7 ನಿಮಿಷದ ದಾರಿ! ಅನಿಲವನ್ನು ಸಣ್ಣ ರಂಧ್ರದಿಂದ ನಿರ್ವಾತದೊಳಕ್ಕೆ ಚಿಮ್ಮಿಸಿದರೆ ಅದು ಹಿಗ್ಗಿ ತಂಪಾಗುತ್ತದೆ. ತಂಪಾಯಿತೆಂದರೆ ನಿಂತಿತೆಂದಲ್ಲ. ತ್ರ್ಯಂಬಕೇಶ್ವರದಿಂದ ಪಂಢರಪುರಕ್ಕೆ ಹೊರಟ ದಿಂಡಿಯವರಂತೆ ಅಣುಗಳೆಲ್ಲ ಒಂದೇ ಹೆಜ್ಜೆಯಲ್ಲಿ ಸಾಗುತ್ತವೆ. ಆದರೆ ಆ ಧಾರೆಯ ರಭಸ ಇದ್ದೇ ಇರುತ್ತದೆ.

ಅಯಸ್ಕಾಂತದ ಕೆಲಸ ಇನ್ನು ಮುಂದೆ. ಆಮ್ಲಜನಕದ ಅಣು ತಾನೇ ಒಂದು ಪುಟ್ಟ ಸೂಜಿಗಲ್ಲು. ವಿದ್ಯುತ್ತು ಹರಿಯುವ ತಂತಿಸುರುಳಿಯೊಳಗಿನ ಕಾಂತಕ್ಷೇತ್ರವು, ಒಂದು ಬಗೆಯಲ್ಲಿ ಮುಖಮಾಡಿದ ಅಣುಗಳಿಗೆ, ನಮ್ಮ ಕಸಾರಾ ಘಾಟಿನ ಏರಿನಂತೆ. ಏರುವಾಗ ವೇಗ ಕುಗ್ಗುತ್ತದೆ. ಇಳಿಯಲು ಬಿಟ್ಟರೆ ಕಳೆದ ವೇಗ ಮರಳಿ ಬಂದೀತು. ಆದ್ದರಿಂದ ನೆತ್ತಿ ಮುಟ್ಟುವ ಹೊತ್ತಿಗೆ ಸರಿಯಾಗಿ ವಿದ್ಯುತ್ತನ್ನು ಆರಿಸುತ್ತಾರೆ. ಘಾಟಿಯೇ ಮಾಯ! ಮುಂದೆ ಇನ್ನೊಂದು ಸುರುಳಿ, ಇನ್ನೊಂದು ಏರು. 2008ರಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ಹೀಗೆಯೇ ಆಮ್ಲಜನಕದ ಧಾರೆಯನ್ನು ನಿಲ್ಲುವಷ್ಟು ನಿಧಾನಗೊಳಿಸಿದರು. ಈ ವಿದ್ಯೆಯ ಬೇರು ಇನ್ನೂ ಹಳೆಯದು. 1922ರಲ್ಲಿ ಜರ್ಮನಿಯ ಸ್ಟರ್ನ್ ಮತ್ತು ಗೆರ್ಲಾಖ್ ಬೆಳ್ಳಿಯ ಪರಮಾಣುಗಳ ಧಾರೆಯನ್ನು ಅಯಸ್ಕಾಂತದಿಂದ ಎರಡಾಗಿ ಸೀಳಿದ್ದರು. ನಮ್ಮ ಬೆಂಗಳೂರಿನಲ್ಲಿ, ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿಯೂ ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕು, ಕಾಂತಕ್ಷೇತ್ರ ಎರಡನ್ನೂ ಬಳಸಿ ತಂಪಾಗಿ ಹಿಡಿದಿಡುತ್ತಾರೆ.

ಇಷ್ಟೆಲ್ಲ ಏಕೆಂದರೆ, ನಿಧಾನವಾದ ಅಣುವನ್ನು ಹೆಚ್ಚು ಹೊತ್ತು ನೋಡಬಹುದು. ನೋಡಿದಷ್ಟೂ ಅಳತೆ ನಿಖರವಾಗುತ್ತದೆ. ಅಣು ಅಣು ಕೂಡಿ ಹೊಸ ವಸ್ತುವಾಗುವ ಬಗೆಯೂ ತಿಳಿದೀತು.

ಹುಡುಗ ಕೈತೊಳೆಯುವುದನ್ನೂ ಮರೆತು ಕೇಳುತ್ತಿದ್ದ. ಕೊನೆಗೆ, "ಹಂಗಾರ ಕಾಕಾ, ಸಾರಜನಕಾನೂ ಹಿಂಗ ನಿಲ್ಲಸ್ಬಹುದೇನು?" ಎಂದ.

"ಇಲ್ಲಪ್ಪಾ. ಅದರ ಅಣುವಿನ ಇಲೆಕ್ಟ್ರಾನುಗಳೆಲ್ಲ ಜೋಡಿಯಾಗಿ ಒಂದರ ಕಾಂತಗುಣವನ್ನು ಇನ್ನೊಂದು ಅಳಿಸಿರುತ್ತದೆ. ಆಮ್ಲಜನಕದಲ್ಲಿ ಎರಡು ಒಂಟಿಯಾಗಿ ಉಳಿದಿರುತ್ತವೆ" ಎಂದೆವು.

ಉತ್ತರಕ್ಕಿಂತ ಆ ಪ್ರಶ್ನೆಯೇ ನಮಗೆ ಹೆಚ್ಚು ಸಂತೋಷ ಕೊಟ್ಟಿತು. ಅದನ್ನು ಅವನು ಕನ್ನಡದಲ್ಲಿಯೇ ಕೇಳಿದ್ದ. ತಾಯಂದಿರೇ, ತಂದೆಗಳೇ, ಮಕ್ಕಳು ಶಾಲೆಯಿಂದ ತಂದ ಪಾಠವನ್ನು ಮನೆಯ ಮಾತಿನಲ್ಲಿ ಒಮ್ಮೆ ಹೇಳಿಸಿ ನೋಡಿ. ತಡವರಿಸಿದರೆ ತಡವರಿಸಲಿ, ಏರು ಹತ್ತುವಾಗ ವೇಗ ಕುಗ್ಗುವುದು ಸಹಜವಲ್ಲವೇ?